ಬರ್ತೀನಿ ಅಂದವರ ಪಾಲಿನ ನೀರು

ಮುದುಕಿ ಸತ್ತಿದ್ದಳು. ಕೊಂದವರು ಗೋದಾವರಿಯೇ.

ಇನ್ನೊಬ್ಬರ ಮೇಲೆ ಗೂಬೆ ಕೂರಿಸುವ ಹಾಗೂ ಇರಲಿಲ್ಲ. ಮೊನ್ನೆ ಸಂಜೆ ಇದೇ ಕುರ್ಚಿಯಲ್ಲಿ ಕೂತು, ಇದೇ ಮೌಸ್ ಹಿಡಿದು, ಕಂಪ್ಯೂಟರಿನ ಪರದೆಯ ಮೇಲಿದ್ದ ಆ ಮುದುಕಿಯ ಜೊತೆ ಮಾತಾಡಿ ಎದ್ದು ಹೋದವರು ಅವರೊಬ್ಬರೇ. ಇವತ್ತು ಬಂದು ನೋಡಿದರೆ ಆಕೆ ಬಾವಿಕಟ್ಟೆಗೆ ಒರಗಿ ಕೂತಲ್ಲೇ ಕತ್ತು ವಾಲಿಸಿಬಿಟ್ಟಿದ್ದಾಳೆ. ಕೈಗೆಟಕುವ ಹಾಗೆ ಪಕ್ಕದಲ್ಲೊಂದು ಕೊಡ. ಅದರ ತುಂಬ ನೀರು, ಒಂದು ಗುಟುಕೂ ಮುಟ್ಟಿಲ್ಲ.

“ನಾ ಏನ್ ಮಾಡೀನಿ ಯವ್ವಾ ಈಕಿಗೆ?” ಗೋದಾವರಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. “ಬೈದಿಲ್ಲ, ಹೊಡದಿಲ್ಲ, ನೀರು ಕಸಗೊಂಡಿಲ್ಲ. ಊಟ ಆತೇನು ಅಂತ ಕೇಳೀನಿ, ಅಷ್ಟ.”

ಪಕ್ಕದಲ್ಲಿ ಪೂರ್ವಿ ಕೂತಿದ್ದಳು. ಬೆಂಗಳೂರಿನ ಹುಡುಗಿ. ಹೊಸ ಆಟಗಳನ್ನು ಆಡಿ ನೋಡಿ, ಅವುಗಳಲ್ಲಿನ ತಪ್ಪು ಹುಡುಕುವುದೇ ಅವಳ ನೌಕರಿ. ಇಂಥದ್ದಕ್ಕೂ ಸಂಬಳ ಕೊಡುತ್ತಾರೆಂದು ತಿಳಿದಾಗ ಗೋದಾವರಿ ಮೂಗಿನ ಮೇಲೆ ಬೆರಳಿಟ್ಟುಕೊಂಡಿದ್ದರು.

“ಹೊರಡುವಾಗ ಏನಂದ್ರಿ ಆಂಟಿ?”

“ಏನಂತಾರ? ಬರ್ತೀನಿ ಅಂದೆ.”

“ಅದಕ್ಕೇ ಸತ್ತಿದ್ದಾಳೆ.”

ಗೋದಾವರಿಯ ಕೈ ಮೌಸಿನ ಮೇಲೇ ನಿಂತಿತು. ಹೈದರಾಬಾದಿನ ಉಪ್ಪಲ್‌ನ ಈ ಆಫೀಸಿಗೆ ಅವರು ಬಂದದ್ದೂ ಇಂಥದೇ ಒಂದು ಮಾತಿನ ಬೆನ್ನು ಹತ್ತಿ.

ಈ ಆಟದ ಸಂಭಾಷಣೆ ಬರೆಯುತ್ತಿದ್ದ ಪ್ರಜ್ವಲ ಕಾಣೆಯಾಗಿ ಎರಡನೆಯ ವಾರ ನಡೆದಿತ್ತು. ಪಟಾನ್‌ಚೆರು ಆಚೆಯ ಒಂದು ಕೆರೆದಂಡೆಯಲ್ಲಿ ಅವನ ಬೈಕು ಸಿಕ್ಕಿತ್ತು, ಹೆಣ ಸಿಕ್ಕಿರಲಿಲ್ಲ. ತಾಯಿ ಸತ್ಯಭಾಮಾರ ಮೊಬೈಲಿಗೆ ಅವನ ನಂಬರಿನಿಂದ ಒಂದು ಮೆಸೇಜು ಬಂದಿತ್ತು, ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿದ ಕನ್ನಡ: ‘ಅವ್ವಾ, ನಾ ಹೋಗ್ತೀನಿ.’ ಪೊಲೀಸರಿಗೆ ಅಷ್ಟು ಸಾಕಾಗಿತ್ತು. ಹುಡುಗ ನೀರಿಗೆ ಬಿದ್ದಿದ್ದಾನೆ ಎಂದು ಅವರು ತೀರ್ಮಾನಿಸಿ ಕೂತಿದ್ದರು.

ಸತ್ಯಭಾಮಾಗೆ ಸಾಕಾಗಿರಲಿಲ್ಲ. ರಾಯಚೂರು ಕಡೆಯ ಮನೆತನ, ಗಂಡನ ನೌಕರಿಗಾಗಿ ಹೈದರಾಬಾದಿಗೆ ಬಂದು ನೆಲೆಸಿದವರು. ಹೊಸ್ತಿಲು ದಾಟುವಾಗ ಹೋಗ್ತೀನಿ ಅನ್ನುವುದು ಸಾಯಲಿಕ್ಕೆ ಹೊರಟವರ ಮಾತು, ನನ್ನ ಮಗನ ಬಾಯಲ್ಲಿ ಅದು ಹುಟ್ಟಿದಾಗಿನಿಂದ ಬಂದಿಲ್ಲ ಎಂದು ಆ ತಾಯಿ, ಮಗನನ್ನು ಹುಡುಕಿಸಲು ಗೋದಾವರಿಯ ಹತ್ತಿರ ಬಂದ ಮೊದಲ ದಿನವೇ ಹೇಳಿದ್ದರು. ಗೋದಾವರಿ ಬಸವಕಲ್ಯಾಣದವರು. ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಇದು ನಿಮ್ಮ ಮಗ ಬರೆದದ್ದಲ್ಲ, ಅವನ ಫೋನಿನಿಂದ ಬೇರೆ ಯಾರೋ ಬರೆದಿದ್ದಾರೆ ಎಂದು ಅವರೂ ಆವತ್ತೇ ಅಂದುಬಿಟ್ಟಿದ್ದರು. ಪತ್ತೇದಾರಿಕೆಯಲ್ಲಿ ಅಷ್ಟು ಬೇಗ ಬಾಯಿ ಬಿಡಬಾರದು. ಏನು ಮಾಡುವುದು, ಎದುರಿಗಿದ್ದ ಮುಖ ಹಾಗಿತ್ತು.

ಗೋದಾವರಿಯ ನಿತ್ಯದ ಕಸುಬು ಬೇರೆ. ಸುಲ್ತಾನ್ ಬಜಾರಿನಲ್ಲಿ ಒಂದು ಬ್ಲೌಸ್ ಪೀಸ್ ಅಂಗಡಿಯ ಮೇಲೆ ಅವರ ಆಫೀಸು. ಸಾಫ್ಟ್‌ವೇರ್ ಕಂಪನಿಗಳು ಹೊಸಬರನ್ನು ಸೇರಿಸಿಕೊಳ್ಳುವ ಮುಂಚೆ, ಅವರು ತಂದ ಅನುಭವದ ಸರ್ಟಿಫಿಕೇಟು ಖರೇನೋ ಸುಳ್ಳೋ ಎಂದು ನೋಡಿ ಬರುವುದು ಅವರ ಕೆಲಸ. ಮೂರು ವರ್ಷದ ಅನುಭವ ಒಂದು ಮಧ್ಯಾಹ್ನದಲ್ಲಿ ತಯಾರಾಗುತ್ತಿದ್ದ ಕಾಲ ಅದು, ಕೆಲಸಕ್ಕೇನೂ ಬರವಿರಲಿಲ್ಲ. ಈ ಆಟದ ಕಂಪನಿಯೂ ಅವರ ಗಿರಾಕಿಯೇ. ಹಾಗಾಗಿ ಬಾಗಿಲಲ್ಲಿ ಯಾರೂ ತಡೆಯಲಿಲ್ಲ.

“ಬರ್ತೀನಿ ಅಂದ್ರ ಯಾಕ ಸಾಯ್ತಾಳ? ತಿಳಿಯೂ ಹಂಗ ಹೇಳು.”

ಪೂರ್ವಿ ಹೇಳಿದಳು. ಪ್ರಳಯವೆಂದರೆ ನೀರು ಮೇಲೇರಿ ಬರಬೇಕು. ಈ ಆಟದಲ್ಲಿ ನೀರು ಬತ್ತಿ ಹೋಗುವುದೇ ಪ್ರಳಯ. ದಖ್ಖನ್ನಿನ ಕೆರೆ, ಹೊಳೆ, ಬೋರು ಎಲ್ಲ ಒಣಗಿ ಊರುಗಳು ಮಣ್ಣು ಪಾಲಾದ ಮೇಲೆ, ಆಡುವವರು ಅಲೆಮಾರಿಯಾಗಿ ಹಳ್ಳಿಯಿಂದ ಹಳ್ಳಿಗೆ ಹೋಗುತ್ತಾರೆ. ಎಲ್ಲಿ ಏನು ಮಾಡಿದಿರಿ, ಯಾರಿಗೆ ಏನಂದಿರಿ ಎಂಬುದನ್ನು ಆಟ ಮರೆಯುವುದಿಲ್ಲ. ಮೊದಲ ಹಳ್ಳಿಯಲ್ಲಿ ಉಳಿದವಳು ಸುಗಲಮ್ಮ ಒಬ್ಬಳೇ. ಅವಳ ಬಾವಿ ದಿನಕ್ಕೆ ಒಂದೇ ಕೊಡ ನೀರು ಕೊಡುತ್ತದೆ. ಅವಳನ್ನು ಬಿಟ್ಟು ಹೊರಡುವಾಗ ಪರದೆಯ ಮೇಲೆ ಮೂರು ದಾರಿ ಬರುತ್ತವೆ: ಬರ್ತೀನಿ ಅನ್ನಬಹುದು, ಹೋಗ್ತೀನಿ ಅನ್ನಬಹುದು, ಸುಮ್ಮನೆ ಎದ್ದು ಹೋಗಬಹುದು.

ಪ್ರಜ್ವಲ ಮಾತುಗಳನ್ನೆಲ್ಲ ಮೊದಲು ಕನ್ನಡದಲ್ಲಿ ಬರೆಯುತ್ತಿದ್ದ. ಆಮೇಲೆ ಅದಕ್ಕೆ ಇಂಗ್ಲಿಷ್ ಆಗುತ್ತಿತ್ತು. ಅವನು ಬರೆದ ಬರ್ತೀನಿ ಇಂಗ್ಲಿಷಿನಲ್ಲಿ ‘ಐ ವಿಲ್ ಕಮ್’ ಆಯಿತು. ಪ್ರೋಗ್ರಾಮ್ ಬರೆಯುವ ರಾಮದಾಸ ಇಂಗ್ಲಿಷ್ ಒಂದನ್ನೇ ಓದಿದ. ವಾಪಸು ಬರುತ್ತೇನೆಂದು ಆಡುವವನು ಮಾತು ಕೊಟ್ಟಿದ್ದಾನೆ ಎಂದುಕೊಂಡ. ಮಾತು ಕೊಟ್ಟವರಿಗಾಗಿ ಸುಗಲಮ್ಮ ನೀರು ಎತ್ತಿಡುತ್ತಾಳೆ ಎಂಬ ನಿಯಮ ಆಟದಲ್ಲಿ ಮೊದಲೇ ಇತ್ತು, ಇದನ್ನೂ ಅದಕ್ಕೇ ಜೋಡಿಸಿದ. ಇರುವುದು ಒಂದೇ ಕೊಡ. ಅದನ್ನು ಎತ್ತಿಟ್ಟು ಅವಳು ದಾರಿ ನೋಡುತ್ತ ಕೂತುಬಿಡುತ್ತಾಳೆ.

“ಆ ರಾಮದಾಸ ಯಾವ ಊರವ?”

“ವರಂಗಲ್ ಆಂಟಿ. ಅವರ ಮನೇಲೂ ಹೊರಡುವಾಗ ‘ವೆಳ್ಳೊಸ್ತಾ’, ಅಂದ್ರೆ ಹೋಗಿ ಬರ್ತೀನಿ ಅಂತಲೇ ಅನ್ನೋದಂತೆ. ಇಂಗ್ಲಿಷಲ್ಲಿ ನೋಡಿದಾಗ ಹೊಳೀಲೇ ಇಲ್ಲ ಅಂತಾರೆ.”

ಗೋದಾವರಿಗೆ ರಾಮದಾಸನ ಮೇಲೆ ಸಿಟ್ಟು ಬರಲಿಲ್ಲ. ಮನೆಯಲ್ಲಿ ದಿನಾ ಆಡುವ ಮಾತು ಇಂಗ್ಲಿಷ್ ಅಂಗಿ ತೊಟ್ಟು ಎದುರಿಗೆ ಬಂದರೆ ಗುರುತು ಹತ್ತುವುದು ಕಷ್ಟವೇ.

“ಬದಕಸಾಕ ಬರಂಗಿಲ್ಲೇನು ಆಕಿನ್ನ?”

ಬರುತ್ತದೆ ಎಂದಳು ಪೂರ್ವಿ. ಆಟ ಮುಚ್ಚಿದರೂ ಆಟದೊಳಗಿನ ದಿನಗಳು ನಿಲ್ಲುವುದಿಲ್ಲ, ಇಲ್ಲಿನ ಒಂದು ದಿನ ಅಲ್ಲಿ ಒಂದು ವಾರ. ಮಾತು ಕೊಟ್ಟವರು ಮರುದಿನವೇ ಹೋಗಿ ಆ ನೀರು ಕುಡಿದರೆ ಸುಗಲಮ್ಮ ಸಮಾಧಾನವಾಗಿ ತನಗೂ ಸೇದಿಕೊಳ್ಳುತ್ತಾಳೆ. ಇಲ್ಲವಾದರೆ ಹೋಗ್ತೀನಿ ಅಂದುಬಿಡಬೇಕು. ಆಗ ಅವಳು ಕಾಯುವುದನ್ನು ಬಿಟ್ಟು ತನ್ನ ಪಾಡಿಗೆ ತಾನಿರುತ್ತಾಳೆ. ಆಡುವ ಪ್ರತಿಯೊಬ್ಬರಿಗೂ ಅವರವರದೇ ಒಬ್ಬ ಸುಗಲಮ್ಮ.

“ಪ್ರಜ್ವಲಗೂ ಒಬ್ಬಾಕಿ ಇದ್ಲೇನು?”

“ಇದ್ಲು. ಅವರು ಮೊದಲ ಸಲಾನೇ ಬರ್ತೀನಿ ಅಂದಿದ್ರಂತೆ. ಅದಕ್ಕೇ ದಿನಾ ಹೋಗಿ ನೀರು ಕುಡಿದು ಬರ್ತಿದ್ರು. ಭಾನುವಾರ ರಜಾ ಇದ್ರೂ ಯಾವುದಾದ್ರೂ ನೆಟ್ ಸೆಂಟರಿಗೆ ಹೋಗಿ ತಮ್ಮ ಪಾಸ್‌ವರ್ಡ್ ಹಾಕಿ ಕುಡಿದು ಬರೋರು. ನಾವೆಲ್ಲ ನಗ್ತಿದ್ವಿ.” ಪೂರ್ವಿಯ ದನಿ ಇಳಿಯಿತು. “ಈಗ ಸತ್ತಿರ್ತಾಳೆ ಆಂಟಿ. ತೆಗೆದು ನೋಡೋಕೆ ಯಾರಿಗೂ ಮನಸ್ಸು ಬಂದಿಲ್ಲ.”

ತೆಗೆಯಲು ರಾಮದಾಸನಿಗೆ ಮಾತ್ರ ಬರುತ್ತಿತ್ತು. ಇವತ್ತು ಅವನು ಬಂದ ಕೂಡಲೇ ತೆಗೆಸಿ ನೋಡು ಎಂದರು ಗೋದಾವರಿ. ಸತ್ತಿದ್ದರೆ ಯಾವ ದಿನ ಸತ್ತಳೆಂದಾದರೂ ಗೊತ್ತಾಗುತ್ತದೆ, ಪ್ರಜ್ವಲ ಕೊನೆಯದಾಗಿ ಯಾವತ್ತು ಅಲ್ಲಿಗೆ ಹೋಗಿದ್ದನೆಂದೂ ತಿಳಿಯುತ್ತದೆ. ಪೂರ್ವಿ ತಲೆಯಾಡಿಸಿದಳು.

ಗೋದಾವರಿಯ ತಲೆಯಲ್ಲಿ ಇನ್ನೊಂದು ಮಾತು ಮೊನ್ನೆಯಿಂದ ಕೊರೆಯುತ್ತಿತ್ತು. ಸಂಜೆ ಆಫೀಸು ಬಿಟ್ಟಾಗ ಅವರು ಬಾಗಿಲ ಹತ್ತಿರ ನಿಂತಿದ್ದರು. ಒಬ್ಬೊಬ್ಬರೇ ಬ್ಯಾಗು ಏರಿಸಿಕೊಂಡು ಹೊರಟರು. ಕನ್ನಡದವರು, ತೆಲುಗಿನವರು, ಒಬ್ಬ ಪಠಾಣರ ಹುಡುಗ ಕೂಡ, ಎಲ್ಲರೂ ಕನ್ನಡದಲ್ಲೇ ‘ಹೋಗ್ತೀನಿ, ಹೋಗ್ತೀನಿ’ ಎಂದು ನಗುತ್ತ ಹೋದರು. ಗೋದಾವರಿಗೆ ಕಿವಿಯಲ್ಲಿ ಮುಳ್ಳಾಡಿದ ಹಾಗಾಗಿತ್ತು. ಕೇಳಿದರೆ, ತಾನು ಯುಗಾದಿ ಆದಮೇಲೆ ಸೇರಿದವಳು, ಆಗಲೇ ಈ ತಮಾಷೆ ಇತ್ತು, ತನಗೂ ಬಾಯಿಗೆ ಬಂತು ಎಂದಳು ಪೂರ್ವಿ.

ಸಾಯುವ ಮಾತು ಎಂದು ಊರೆಲ್ಲ ಬಾಯಿ ಮುಚ್ಚಿಕೊಳ್ಳುವ ಒಂದು ಪದ. ಅದನ್ನು ಚೂಯಿಂಗ್ ಗಮ್ಮಿನ ಹಾಗೆ ಅಗಿಯುವ ಒಂದೇ ಒಂದು ಜಾಗ. ಪ್ರಜ್ವಲನ ಫೋನಿನಿಂದ ಆ ಮೆಸೇಜು ಕಳಿಸಿದವರು ಈ ಬಾಗಿಲಿಂದಲೇ ಹೋಗಿ ಬಂದು ಮಾಡುವವರು ಎಂದು ಗೋದಾವರಿಗೆ ಖಾತ್ರಿಯಾಯಿತು.

ಅವರಲ್ಲಿ ಯಾರಿಗೆ ಪ್ರಜ್ವಲ ಅಡ್ಡಬಂದಿದ್ದ? ಅದನ್ನೂ ಪೂರ್ವಿಯೇ ಹೇಳಿದಳು, ಆಚೀಚೆ ನೋಡಿಕೊಂಡು. ಕಾಣೆಯಾಗುವ ಮುಂಚಿನ ದಿನ ಮೇಲಧಿಕಾರಿ ದಿನೇಶರ ಗಾಜಿನ ಕೋಣೆಯಲ್ಲಿ ಇಬ್ಬರೂ ಜಗಳವಾಡಿದ್ದರು. ಒಳಗಿನ ಮಾತು ಹೊರಗೆ ಕೇಳುವುದಿಲ್ಲ. ಪ್ರಜ್ವಲ ಎರಡೂ ಕೈ ಮುಗಿದದ್ದು ಮಾತ್ರ ಎಲ್ಲರಿಗೂ ಕಂಡಿತ್ತು.

ಗೋದಾವರಿ ಎದ್ದರು. ಏಳುವ ಮುಂಚೆ ಪರದೆಯ ಮುದುಕಿಯನ್ನು ಒಮ್ಮೆ ನೋಡಿದರು. ಬೊಂಬೆ ಎಂದು ಗೊತ್ತಿದ್ದರೂ ಹಾಗೇ ಬಿಟ್ಟು ಹೋಗಲು ಮನಸ್ಸಾಗಲಿಲ್ಲ.

ದಿನೇಶ ಮೈಸೂರಿನವನು, ನಲವತ್ತರ ಆಸುಪಾಸು. ಈ ಆಟದ ಉಸ್ತುವಾರಿಯೆಲ್ಲ ಅವನದೇ. ಕೂತ್ಕೊಳಿ ಮೇಡಂ ಎಂದು ಕುರ್ಚಿ ಎಳೆದ, ಕಾಫಿ ತರಿಸಲೇ ಎಂದ. ಗೋದಾವರಿ ಬೇಡವೆಂದು ಬಾಗಿಲನ್ನು ತಾವೇ ಮುಚ್ಚಿದರು.

“ಪ್ರಜ್ವಲನ ಕೂಡ ನಿಮ್ಮದೇನೂ ಜಗಳ ಇರಲಿಲ್ಲ ಅಂದಿದ್ರಿ ಮೊನ್ನೆ.”

“ಆಫೀಸು ಅಂದ್ಮೇಲೆ ಒಂದು ಮಾತು ಬರುತ್ತೆ ಹೋಗುತ್ತೆ ಮೇಡಂ.”

“ಕೈ ಮುಗದು ಬೇಡಿಕೊಂಡಾನ ಅವ. ಏನು ಬೇಡಿದ?”

ದಿನೇಶ ಮೇಜಿನ ಮೇಲಿನ ಪೆನ್ನನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಸರಿಸಿದ. ಆಮೇಲೆ ಹೇಳಿದ. ಸುಗಲಮ್ಮನ ಸಾವನ್ನು ಆಟದಿಂದ ತೆಗೆಯಬೇಕೆಂದು ಪ್ರಜ್ವಲ ಕೇಳಿದ್ದ. ತೆಗೆಯುವುದೇನು ಮಹಾ ಕೆಲಸವಲ್ಲ, ಒಂದು ಸಾಲು ಅಳಿಸಿದರಾಯಿತು. ಆದರೆ ಅಷ್ಟರಲ್ಲಿ ಆಟವನ್ನು ಕೊಳ್ಳಲಿರುವ ಹೊರದೇಶದವರು ಆಡಿ ನೋಡಿದ್ದರು. ಒಂದು ಒಳ್ಳೆಯ ಮಾತಿನಿಂದ ಮುದುಕಿ ಸತ್ತದ್ದು ಕಂಡು ಅವರಲ್ಲಿ ಕೆಲವರು ಅತ್ತಿದ್ದರು. ಇದೇ ನಿಮ್ಮ ಆಟದ ಜೀವ, ಇದನ್ನು ಮುಟ್ಟಬೇಡಿ ಎಂದಿದ್ದರು. ತಪ್ಪಿನಿಂದ ಹುಟ್ಟಿದ್ದೇ ಎಲ್ಲಕ್ಕಿಂತ ಚೆಂದವಾಗಿ ಕೂತಿತ್ತು. ದಿನೇಶ ಆಗಲ್ಲ ಎಂದಿದ್ದ.

“ಮರುದಿನ ಹುಡುಗ ಕಾಣೆ ಆದ.”

“ಹೌದು.”

ಗೋದಾವರಿ ಮೆಸೇಜಿದ್ದ ಮೊಬೈಲನ್ನು ಮೇಜಿನ ಮೇಲೆ ಇಟ್ಟು ಅವನ ಕಡೆ ತಿರುಗಿಸಿದರು. ಸತ್ಯಭಾಮಾ ಅದನ್ನು ಅವರ ಕೈಗೇ ಕೊಟ್ಟುಬಿಟ್ಟಿದ್ದರು.

“ಇದನ್ನ ಓದ್ರಿ. ನಮ್ಮ ಕಡಿ ಹುಡುಗ ತಾಯಿಗೆ ಹಿಂಗ ಬರಿಯಂಗಿಲ್ಲ. ಹಿಂಗ ಅನ್ನವರು ನಿಮ್ಮ ಆಫೀಸಿನವರು. ಅವನ ಫೋನಿನ್ಯಾಗ ಇದನ್ನ ಕುಟ್ಟಿ, ಅವನ ಗಾಡಿ ಕೆರಿ ದಂಡಿಗೆ ನಿಲ್ಲಿಸಿದವರು ಯಾರು ದಿನೇಶ್? ನೀವೋ, ನಿಮ್ಮ ಪೈಕಿನವರೋ?”

ಸುಳ್ಳು ಸರ್ಟಿಫಿಕೇಟು ಹಿಡಿದು ಬಂದವರನ್ನು ಗೋದಾವರಿ ಎಷ್ಟೋ ಜನರನ್ನು ಕಂಡಿದ್ದರು. ಸಿಕ್ಕಿಬಿದ್ದಾಗ ಅವರು ಮೊದಲು ಸಿಟ್ಟಾಗುತ್ತಾರೆ, ಆಮೇಲೆ ಯಾರದೋ ಹೆಸರು ಹೇಳುತ್ತಾರೆ. ದಿನೇಶ ಸಿಟ್ಟಾಗಲಿಲ್ಲ. ಮೊಬೈಲನ್ನು ನೋಡುತ್ತಲೇ ಇದ್ದ. ಅವನ ಕಣ್ಣು ತುಂಬಿದ್ದನ್ನು ಕಂಡು ಗೋದಾವರಿಗೆ ತಮ್ಮ ಲೆಕ್ಕ ಎಲ್ಲೋ ತಪ್ಪಿದೆ ಅನ್ನಿಸತೊಡಗಿತು.

“ಈ ಆಫೀಸಿಗೆ ಹೋಗ್ತೀನಿ ಅನ್ನೋದು ಕಲಿಸಿದ್ದೇ ಅವನು ಮೇಡಂ,” ಎಂದ ದಿನೇಶ.

ಆಟವನ್ನು ಹೊರಗಿನವರಿಗೆ ಮೊದಲ ಸಲ ಆಡಲು ಕೊಟ್ಟ ದಿನ ಪ್ರಜ್ವಲ ಆಸ್ಪತ್ರೆಯಲ್ಲಿದ್ದ. ಅವನ ಅಪ್ಪ ಹನುಮಂತರಾಯರು ಮಂಚ ಹಿಡಿದಿದ್ದರು. ಎಲ್ಲೋ ಮಾತುಗಳು ತಲೆಕೆಳಗಾಗಿವೆ, ನೀನೇ ಬರಬೇಕು, ಒಂದು ಗಂಟೆಯ ಕೆಲಸ ಎಂದು ಆಫೀಸಿನಿಂದ ಫೋನು ಹೋಯಿತು. ಪ್ರಜ್ವಲ ‘ಬರ್ತೀನಪ್ಪಾ’ ಅಂದು ಎದ್ದು ಬಂದ. ಯಾರೇ ಆದರೂ ಹೊರಡುವಾಗ ಅನ್ನುವುದೇ ಅದು. ಹನುಮಂತರಾಯರು ಮಾತ್ರ ಅದನ್ನೇ ಹಿಡಿದು ಕೂತರು. ಗಂಜಿ ತಂದರೆ, ಅವ ಬರ್ತೀನಿ ಅಂದಾನ, ಬರಲಿ, ಅವನ ಕೈಲೆ ಕುಡಿತೀನಿ ಅಂದರು. ಒಂದು ಗಂಟೆಯ ಕೆಲಸ ಸಂಜೆಯವರೆಗೆ ಎಳೆಯಿತು. ಮಗ ಹೋಗಿ ಮುಟ್ಟುವಷ್ಟರಲ್ಲಿ ಗಂಜಿಯ ಲೋಟ ತುಂಬಿದ್ದು ತುಂಬಿದ ಹಾಗೇ ಇತ್ತು, ಅಪ್ಪ ಇರಲಿಲ್ಲ.

“ಇದನ್ನೆಲ್ಲ ಅವನಿಗೆ ಹೇಳಿದ್ದು ಅವರಮ್ಮ. ಪ್ರೀತಿಯಿಂದಲೇ ಹೇಳಿದ್ರು. ನಿಮ್ಮಪ್ಪನಿಗೆ ಕೊನೇವರೆಗೂ ನಿಂದೇ ಧ್ಯಾನ ಅಂತ.”

ಗೋದಾವರಿಗೆ ಸತ್ಯಭಾಮಾರ ದನಿ ಕಿವಿಯಲ್ಲೇ ಕೇಳಿದ ಹಾಗಾಯಿತು.

ಅಪ್ಪನ ಕರ್ಮಗಳನ್ನೆಲ್ಲ ಮುಗಿಸಿ ಪ್ರಜ್ವಲ ಕೆಲಸಕ್ಕೆ ಬಂದ. ಬಂದ ದಿನವೇ, ಹೊರಗಿನವರು ಆಡಿದ ಆಟಗಳನ್ನು ನೋಡುತ್ತ ಕೂತವನಿಗೆ ಸುಗಲಮ್ಮ ಕಂಡಳು. ಬಾವಿಕಟ್ಟೆಗೆ ಒರಗಿದ್ದಳು, ಪಕ್ಕದಲ್ಲಿ ಮುಟ್ಟದ ಕೊಡ. ಇದು ಹೇಗಾಯಿತು ಎಂದು ಹುಡುಕಿದಾಗ ತಾನೇ ಬರೆದ ಒಂದು ಪದ ಸಿಕ್ಕಿತು. ಅವನು ಯಾರಿಗೂ ಬೈಯಲಿಲ್ಲ, ಕೂಗಾಡಲಿಲ್ಲ. ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡ. ಆವತ್ತಿನಿಂದ ಆಫೀಸಿನಲ್ಲಿ ಯಾರಿಗೂ ಬರ್ತೀನಿ ಅನ್ನಲಿಲ್ಲ. ಸಂಜೆ ಬೇರೆಯವರು ಅಂದರೂ ಬಾಗಿಲಲ್ಲಿ ತಡೆದು ಹೋಗ್ತೀನಿ ಅನ್ನಿಸಿ ಕಳಿಸುತ್ತಿದ್ದ. ಹಳಬರು ಅವನ ದುಃಖ ಕಂಡು ಸುಮ್ಮನೆ ಅಂದರು. ಹೊಸಬರು ತಮಾಷೆ ಎಂದುಕೊಂಡರು.

“ಬರಲ್ಲ ಅಂತ ಗೊತ್ತಿದ್ರೆ ಬರ್ತೀನಿ ಅನ್ಬಾರ್ದು, ಪಾಪ ಕಾ‍ಯ್ತಾ ಕೂತಿರ್ತಾರೆ ಅಂತಿದ್ದ.” ದಿನೇಶ ಮೊಬೈಲನ್ನು ಗೋದಾವರಿಯ ಕಡೆ ಮೆಲ್ಲಗೆ ಸರಿಸಿದ. “ಇದು ಅವನೇ ಬರೆದಿರೋದು. ಅಮ್ಮ ಕಾಯಬಾರದು ಅಂತ ಬರೆದಿದಾನೆ.”

ಹೊರಗೆ ಯಾರೋ ಜೋರಾಗಿ ನಗುತ್ತಿದ್ದುದು ಗಾಜಿನಾಚೆ ಕಂಡಿತು, ಕೇಳಿಸಲಿಲ್ಲ.

“ಇದನ್ನ ಪೊಲೀಸರಿಗೆ ಯಾಕ ಹೇಳಲಿಲ್ಲ?”

“ಆಸ್ಪತ್ರೆಗೆ ಆ ಫೋನ್ ಮಾಡಿದ್ದು ನಾನು ಮೇಡಂ.”

ಗೋದಾವರಿ ಮೊಬೈಲನ್ನು ಚೀಲಕ್ಕೆ ಹಾಕಿಕೊಂಡರು. ಎದ್ದು ಹೊರಬಂದರು. ಪೂರ್ವಿ ಕರೆದದ್ದೂ ಅವರಿಗೆ ಕೇಳಲಿಲ್ಲ.

ಆಟೋದಲ್ಲಿ ಕೂತ ಮೇಲೆ ಸಂಕಟ ಉಕ್ಕಿ ಬಂತು. ಪ್ರಜ್ವಲ ಬದುಕಿದ್ದಾನೆ ಎನ್ನಲು ಅವರ ಹತ್ತಿರ ಇದ್ದದ್ದು ಆ ಒಂದು ಪದ. ಅದನ್ನು ಅವನು ಬರೆದಿಲ್ಲ ಎಂದು ನಂಬಿಸಿ ತಾಯಿಯ ಜೀವ ಹಿಡಿದಿಟ್ಟಿದ್ದರು. ಈಗ ಅದೇ ಪದ ತಿರುಗಿ ನಿಂತಿತ್ತು. ಹುಡುಗ ಅದನ್ನು ಯೋಚಿಸಿ ಬರೆದಿದ್ದ. ತನ್ನ ಅಪ್ಪ ಕಾದ ಹಾಗೆ ತಾಯಿ ಕಾಯುವುದು ಬೇಡವೆಂದು, ಸಾಯುವ ಹೊತ್ತಿಗೂ ಅದೊಂದು ಕಾಳಜಿ ಇಟ್ಟುಕೊಂಡು ಬರೆದಿದ್ದ. ಅವನು ಬೇಡವೆಂದ ಕೆಲಸಕ್ಕೇ ಗೋದಾವರಿ ಆ ತಾಯಿಯನ್ನು ಕೂರಿಸಿ ಬಂದಿದ್ದರು. ಆಟೋದವನು ಒಂದೆರಡು ಸಲ ಕನ್ನಡಿಯಲ್ಲಿ ನೋಡಿದ, ಏನೂ ಕೇಳಲಿಲ್ಲ.

ಸತ್ಯಭಾಮಾ ಇನ್ನೂ ಗಂಡನ ಫ್ಯಾಕ್ಟರಿಯ ಕ್ವಾರ್ಟರ್ಸಿನಲ್ಲೇ ಇದ್ದರು. ರಕ್ಷಣಾ ಇಲಾಖೆಯ ಫ್ಯಾಕ್ಟರಿ ಅದು, ಸಾಲು ಸಾಲಾಗಿ ಒಂದೇ ಬಣ್ಣದ ಮನೆಗಳು. ಬಾಗಿಲು ತೆರೆದೇ ಇತ್ತು. ಒಲೆಯ ಕಡೆಯಿಂದ ರೊಟ್ಟಿಯ ವಾಸನೆ.

ಅಡುಗೆಮನೆಯ ಗೋಡೆಗೆ ಒಂದು ಮಣೆ ಹಾಕಿ, ಮುಂದೆ ತಟ್ಟೆ ಇಟ್ಟಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಯ, ಅಂಚಿನಲ್ಲಿ ಇಷ್ಟು ಶೇಂಗಾ ಚಟ್ನಿ. ಮೇಲೊಂದು ತಟ್ಟೆ ಮುಚ್ಚಿತ್ತು. ಸತ್ಯಭಾಮಾ ಅದನ್ನು ತೆಗೆದು ಬಿಸಿ ಆರಿದೆಯೇ ಎಂದು ನೋಡಿ ಮತ್ತೆ ಮುಚ್ಚಿದರು. ಮೊದಲ ದಿನ ಕಂಡದ್ದಕ್ಕಿಂತ ಅವರು ಅರ್ಧವಾಗಿದ್ದರು, ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು.

“ನಿಮ್ಮದು ಊಟ ಆತ್ರ್ಯಾ?” ಎಂದರು ಗೋದಾವರಿ. ಕೇಳಿದ ಮೇಲೆ, ಮೊನ್ನೆ ಸುಗಲಮ್ಮನನ್ನೂ ಇದೇ ಕೇಳಿದ್ದು ನೆನಪಾಯಿತು.

“ಚಾ ಕುಡದೀನ್ರಿ. ಅವ ಬರಲಿ, ಒಮ್ಮೆಲೆ ಉಣ್ತೀನಿ. ನೀವ ಹೇಳಿದ್ರೆಲ್ಲ, ಅದು ಅವ ಬರದದ್ದಲ್ಲ ಅಂತ. ಆವತ್ತಿಂದ ಭಾಳ ಸಮಾಧಾನ ಆಗೇತಿ ನೋಡ್ರಿ ಜೀವಕ್ಕ.”

ಆವತ್ತಿನಿಂದಲೇ ಅನ್ನ ಬಿಟ್ಟಿದ್ದಾರೆ ಎಂದು ಗೋದಾವರಿಗೆ ಅರ್ಥವಾಯಿತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಈಗ ಕೆಲಸಕ್ಕೆ ಬರುವಂತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ, ಮಗ ಯಾಕೆ ಹೋದ ಎಂಬುದನ್ನೂ ಹೇಳಬೇಕು. ಗಂಜಿಯ ಲೋಟದ ಮಾತು ಅವನಿಗೆ ಹೇಗೆ ನಾಟಿತು ಎಂಬುದನ್ನೂ ಹೇಳಬೇಕು. ಹೇಳದೆ ಬಿಟ್ಟರೆ ಈ ಹೆಂಗಸು ತಟ್ಟೆ ಮುಚ್ಚಿ ತೆಗೆದು, ಮುಚ್ಚಿ ತೆಗೆದು ಗೋಡೆಗೆ ಒರಗುತ್ತಾಳೆ.

“ಅವರಪ್ಪನೂ ಹಿಂಗ ದಾರಿ ನೋಡಿದ್ರು,” ಸತ್ಯಭಾಮಾ ತಾವಾಗಿಯೇ ಅಂದರು. “ನಾ ಅವಂಗ ಹೇಳ್ತಿದ್ದೆ. ನಿಮ್ಮಪ್ಪಗ ನಿನ್ನ ಮ್ಯಾಲೆ ಎಷ್ಟು ಜೀವ ಇತ್ತು ನೋಡು ಅಂತ. ಕೇಳಿ ಸುಮ್ಮನ ಕುಂದರ್ತಿದ್ದ. ಭಾಳ ಮೆತ್ತಗಿನವ ರೀ ಅವ.”

ಗೋದಾವರಿ ತಟ್ಟೆಯನ್ನು ಅವರ ಕಡೆ ಸರಿಸಿದರು. ಒಂದು ತುತ್ತಾದರೂ ತಿನ್ನಿ ಎಂದು ಬೇಡಿಕೊಂಡರು. ಸತ್ಯಭಾಮಾ ನಕ್ಕು, ನೀವು ನಾಳೆ ಸುದ್ದಿ ತಂದುಬಿಡಿ, ನಿಮ್ಮ ಮುಂದೆಯೇ ತಿನ್ನುತ್ತೇನೆ ಎಂದರು. ಮಾತು ಅಲ್ಲಿಗೆ ಮುಗಿಯಿತು.

ಹೊಸ್ತಿಲ ಹತ್ತಿರ ಬಂದು ಚಪ್ಪಲಿಗೆ ಕಾಲು ಹಾಕುವಾಗ ಗೋದಾವರಿಯ ಬಾಯಿಗೆ ಬರ್ತೀನಿ ಬಂದೇಬಿಟ್ಟಿತ್ತು. ಹುಟ್ಟಿದಾಗಿನಿಂದ ಅಂದುಕೊಂಡು ಬಂದ ಮಾತು. ಇವತ್ತು ಹಲ್ಲು ಕಚ್ಚಿ ತಡೆದುಕೊಂಡರು. ಅಂದರೆ ಈಕೆ ನಾಳೆಯವರೆಗೆ ಆ ಮಾತನ್ನು ಹಿಡಿದು ಹಸಿದು ಕೂರುತ್ತಾಳೆ. ಹೋಗ್ತೀನಿ ಅನ್ನುವುದಂತೂ ಈ ಮನೆಯಲ್ಲಿ ಆಗದ ಮಾತು.

ಅಷ್ಟರಲ್ಲಿ ಚೀಲದೊಳಗೆ ಅವರ ಮೊಬೈಲು ಹೊಡೆದುಕೊಂಡಿತು. ಪೂರ್ವಿ.

“ಆಂಟಿ, ರಾಮದಾಸ್ ಬಂದ್ರು. ಪ್ರಜ್ವಲ್ ಆಟ ತೆಗೆದ್ವಿ.” ಹುಡುಗಿ ಏದುಸಿರು ಬಿಡುತ್ತಿದ್ದಳು. “ಸುಗಲಮ್ಮ ಬದುಕಿದ್ದಾಳೆ.”

ಗೋದಾವರಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. “ಕೊಡ?”

“ಖಾಲಿ. ಅವರು ಕಾಣೆಯಾದ ಮೇಲೂ ದಿನಾ ಯಾರೋ ಬಂದು ನೀರು ಕುಡಿದಿದ್ದಾರೆ. ಅವರ ಪಾಸ್‌ವರ್ಡೇ ಹಾಕಿದ್ದಾರೆ ಆಂಟಿ, ಅದು ಅವರೊಬ್ಬರಿಗೇ ಗೊತ್ತಿರೋದು. ಯಾವ್ದೋ ಹೊರಗಿನ ನೆಟ್ ಸೆಂಟರ್ ಇರಬೇಕು ಅಂತಾರೆ ರಾಮದಾಸ್.”

ಹುಡುಗ ಬದುಕಿದ್ದ. ತಾಯಿಗೆ ಹೋಗ್ತೀನಿ ಎಂದು ಬರೆದಮೇಲೂ, ಕೆರೆಯ ತನಕ ಹೋದಮೇಲೂ, ಆ ಬೊಂಬೆ ಮುದುಕಿಗೆ ಕೊಟ್ಟ ಮಾತಿಗಾಗಿ ದಿನಾ ವಾಪಸು ಬಂದಿದ್ದ. ಗೋದಾವರಿಯ ಕಣ್ಣಲ್ಲಿ ನೀರು ಬಂತು. ಹಿಂದೆ ಅಡುಗೆಮನೆಯಲ್ಲಿ ತಟ್ಟೆಯ ಸದ್ದಾಯಿತು.

“ಇವತ್ತೂ ಬಂದಿದ್ನೇನು?”

“ಬೆಳಿಗ್ಗೆ ಬಂದಿದ್ರು.” ಪೂರ್ವಿ ತಡೆದಳು. “ದಿನಾ ಹೊರಡುವಾಗ ಬರ್ತೀನಿ ಅಂತಲೇ ಇದೆ ಆಂಟಿ. ಇವತ್ತು ಮಾತ್ರ ಹೋಗ್ತೀನಿ ಅಂದು ಹೋಗಿದ್ದಾರೆ.”

ಗೋದಾವರಿ ಮೊಬೈಲನ್ನು ಕಿವಿಯಿಂದ ಇಳಿಸಲೂ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದು, ಕೆರೆಯ ಕಡೆ ಹೋಗುವ ಆಟೋ ಹಿಡಿಯಲು ರಸ್ತೆಗೆ ಓಡಿದರು. ತಟ್ಟೆ ಕೈಯಲ್ಲಿ ಹಿಡಿದ ಸತ್ಯಭಾಮಾ ಹೊಸ್ತಿಲವರೆಗೆ ಬಂದು ನಿಂತರು.

“ಹಂಗ ಸುಮ್ಮನ ಹೋಗಬಾರದ್ರಿ, ಬರ್ತೀನಿ ಅಂದು ಹೋಗ್ರಿ.”